ದೊಡ್ಡತಲೆಯಮ್ಮ, ಮೂರನೇ ಮೆಟ್ಟಿಲಿನಿಂದ

1

ಶುರು ಎಲ್ಲಿಂದ ಮಾಡಲಿ ಹೇಳಿ. ಕಲ್ಲಿನಿಂದ ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಕಲ್ಲು ಕೆತ್ತಿದವರಿಂದ ಮಾಡಿದರೆ "ಓಹೋ, ಬಡ ಕಲಾವಿದನ ಕಥೆ, ಕೊನೆಗೆ ಸಾಯ್ತಾನೆ" ಅಂತ ಮೊದಲೇ ಕರ್ಚೀಫು ತೆಗೆದಿಟ್ಟುಕೊಳ್ಳುತ್ತೀರಿ. ಉಳಿದವನು ನಾನು. ನನ್ನಿಂದ ಶುರು ಮಾಡುವುದು ನನಗೇನೋ ಯಾವಾಗಲೂ ಇಷ್ಟವೇ. ಆದರೆ ಈ ಕಥೆಯಲ್ಲಿ ತಪ್ಪು ಮಾಡಿದವನೂ ನಾನೇ ಆದ್ದರಿಂದ ಈ ಸಲ ಸ್ವಲ್ಪ ಮುಜುಗರ.

ಇವತ್ತು ಬುಧವಾರ, ಮಧ್ಯಾಹ್ನ ಎರಡು ಗಂಟೆ. ಐದರೊಳಗೆ ಇದನ್ನು ಕಳಿಸಿದರೆ ನಾಳೆ ಬೆಳಗಿನ ಪೇಪರಿನ ಮೂರನೇ ಪುಟದಲ್ಲಿ ಬರುತ್ತದೆ. ಶುಕ್ರವಾರ ಹನ್ನೊಂದು ಗಂಟೆಗೆ ನೋಂದಣಿ ಕಚೇರಿಯಲ್ಲಿ ಒಂದು ಮೀಟಿಂಗು. ಅಲ್ಲಿ ಐದು ಜನ ಸೈನು ಹಾಕಿದರೆ, ಆ ಕಟ್ಟಡದ ಮುಂಬಾಗಿಲ ಮೇಲಿರುವ ಕಲ್ಲಿನ ಹೆಂಗಸೊಬ್ಬಳ ಹಣೆಯನ್ನೂ ಗಲ್ಲವನ್ನೂ ಮಷೀನು ಹಿಡಿದು ಎರಡೆರಡು ಇಂಚು ಉಜ್ಜಿ ತೆಗೆಯುತ್ತಾರೆ. ಅದಕ್ಕೆ ಕಾರಣ ನಾನು.

(ನೋಡಿ, ಸಸ್ಪೆನ್ಸನ್ನೆಲ್ಲ ಮೊದಲ ಭಾಗದಲ್ಲೇ ಹಾಳು ಮಾಡಿದೆ. ಏನು ಮಾಡಲಿ, ಟೈಮಿಲ್ಲ.)

2

ಬೆಳಗ್ಗೆ ಬರೆದು ಹರಿದು ಹಾಕಿದ ಆರಂಭ ಹೀಗಿತ್ತು: "ಕಾಲದ ಹೊಡೆತಕ್ಕೆ ಎದೆಯೊಡ್ಡಿ ನಿಂತಿರುವ ಆ ಭವ್ಯ ಕಟ್ಟಡದ ಗೋಡೆಗಳು ಮಾತನಾಡುತ್ತವೆ…"

ಎಲ್ಲಿ ಮಾತಾಡುತ್ತವೆ? ನಾನು ಅಲ್ಲಿ ಮೂರು ಗಂಟೆ ಕ್ಯೂ ನಿಂತಿದ್ದೇನೆ. ಗೋಡೆ ಬಿಡಿ, ಕೌಂಟರಿನಲ್ಲಿದ್ದವರೂ ಮಾತಾಡಲಿಲ್ಲ.

2 (ಮತ್ತೆ)

ಸರಿ, ಸೀದಾ ಹೇಳುತ್ತೇನೆ. ನೋಂದಣಿ ಕಚೇರಿ ಅಂದರೆ ಹುಟ್ಟಿದ್ದು, ಮದುವೆಯಾದದ್ದು, ಸತ್ತದ್ದು ಎಲ್ಲವನ್ನೂ ಬರೆದಿಡುವ ಜಾಗ. ರಸ್ತೆಯಿಂದ ಹನ್ನೊಂದು ಮೆಟ್ಟಿಲು ಹತ್ತಿದರೆ ಮುಂಬಾಗಿಲು. ಬಾಗಿಲ ಮೇಲೆ, ಮೊದಲ ಮಹಡಿಯ ಎತ್ತರದಲ್ಲಿ, ಮೂರು ಕಲ್ಲಿನ ಕೆತ್ತನೆಗಳು. ಎಡಕ್ಕೆ ಒಂದು ಮೊಗ್ಗು, ಅದು ಹುಟ್ಟು. ಬಲಕ್ಕೆ ಮುಚ್ಚಿದ ಪುಸ್ತಕ, ಅದು ಏನೆಂದು ನಾನು ಹೇಳಬೇಕಾಗಿಲ್ಲ. ನಡುವೆ ದೀಪ ಹಿಡಿದು ನಿಂತ ಹೆಂಗಸು. ಆಕೆ ನೆನಪಂತೆ. ಈ ಎರಡರ ನಡುವೆ ನಡೆದದ್ದನ್ನು ಯಾರೂ ಮರೆಯದ ಹಾಗೆ ನೋಡಿಕೊಳ್ಳುವವಳು.

ಹೋದ ವರ್ಷ ಪಕ್ಕದಲ್ಲಿ ಹೊಸ ಕಟ್ಟಡ ಎದ್ದಿತು. ಎರಡನ್ನೂ ಸೇರಿಸಿ ಮೊದಲ ಮಹಡಿಯಲ್ಲಿ ಒಂದು ಗಾಜಿನ ಸ್ಕೈವಾಕ್ ಕಟ್ಟಿದರು. ಈಗ ಎಲ್ಲರೂ ಕೆಳಗೆ ಬೇಸ್‌ಮೆಂಟಿನಲ್ಲಿ ಗಾಡಿ ನಿಲ್ಲಿಸಿ, ಲಿಫ್ಟ್ ಹತ್ತಿ, ಆ ಸ್ಕೈವಾಕಿನಲ್ಲಿ ಕ್ಯೂ ನಿಲ್ಲುತ್ತಾರೆ. ಹನ್ನೊಂದು ಮೆಟ್ಟಿಲುಗಳ ಮೇಲೆ ಪಾರಿವಾಳಗಳಿವೆ.

ನಾನು ನನ್ನ ಜನನ ಪ್ರಮಾಣಪತ್ರದ ನಕಲಿಗೆ ಹೋದವನು ಆ ಕ್ಯೂನಲ್ಲಿ ಸಿಕ್ಕಿಕೊಂಡೆ. ಎರಡು ಮಾರು ದೂರದಲ್ಲಿ, ಗಾಜಿನಾಚೆ, ನನ್ನ ಮುಖಕ್ಕೆ ಮುಖ ಕೊಟ್ಟು ಆ ದೀಪದ ಹೆಂಗಸು. ಮೂರು ಗಂಟೆ ನೋಡಿದೆ. ಅಯ್ಯೋ, ಆ ತಲೆಯೇ! ಉಬ್ಬಿದ ಹಣೆ, ಮುಂದಕ್ಕೆ ಚಾಚಿದ ಗಲ್ಲ, ಬಾಗಿದ ಕತ್ತು. ಕೆಳಗೆ ಹೋದಂತೆ ಮೈ ಸಣ್ಣಗಾಗುತ್ತಾ ಹೋಗಿ ಕಾಲು ಚಿಕ್ಕ ಮಗುವಿನದು. ಕಣ್ಣು ಎದುರಿಗೆ ನಿಂತವರನ್ನು ಬಿಟ್ಟು ಎಲ್ಲೋ ಕೆಳಗೆ ನೋಡುತ್ತಿದೆ.

ಮನೆಗೆ ಬಂದವನೇ ನನ್ನ ವಾರದ ಅಂಕಣದಲ್ಲಿ ಬರೆದೆ. ಆಕೆಗೆ "ದೊಡ್ಡತಲೆಯಮ್ಮ" ಅಂತ ಹೆಸರಿಟ್ಟೆ. "ಎದುರಿಗಿದ್ದವರನ್ನು ಕಣ್ಣೆತ್ತಿಯೂ ನೋಡದ ಈಕೆಗಿಂತ ಒಳ್ಳೆಯ ಸಂಕೇತ ನಮ್ಮ ಕಚೇರಿಗಳಿಗೆ ಸಿಗಲಾರದು" ಎಂದು ಮುಗಿಸಿದೆ. ಆ ಕೊನೆಯ ಸಾಲಿಗೆ ನಾನೇ ಎರಡು ಸಲ ನಕ್ಕೆ.

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ. ಆಮೇಲೆ ಸ್ಕೈವಾಕಿನಲ್ಲಿ ಗಲ್ಲ ಚಾಚಿಕೊಂಡು ಸೆಲ್ಫಿ ತೆಗೆಯುವುದು ಶುರುವಾಯಿತು. ದೂರು ಪುಸ್ತಕದಲ್ಲಿ "ದಯವಿಟ್ಟು ಅಮ್ಮನ ತಲೆ ಸಣ್ಣ ಮಾಡಿ" ಅಂತ ಯಾರೋ ಬರೆದರು. ಅದರ ಕೆಳಗೆ ನಲವತ್ತು ಜನ ಸೈನು ಹಾಕಿದರು. ಕಚೇರಿಯವರು ಅದನ್ನು ಐದು ಜನರ ಸಮಿತಿಯ ಮುಂದಿಟ್ಟರು. ಮೂರು ವಾರ ನಾನು ಕಾಲರ್ ಎತ್ತಿಕೊಂಡು ಓಡಾಡಿದೆ.

3

(ಈ ಭಾಗದಲ್ಲಿ ನನ್ನನ್ನು ನಾನು ಸಮರ್ಥಿಸಿಕೊಂಡಿದ್ದೆ. ಎರಡು ಪುಟ. ತೆಗೆದುಹಾಕಿದ್ದೇನೆ. ಓದಿದರೆ ನಿಮಗೂ ನಾಚಿಕೆಯಾಗುತ್ತಿತ್ತು.)

4

ಸೋಮವಾರ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಸುಮಾರು ಅರವತ್ತೈದು ದಾಟಿದ ಒಬ್ಬ ಹೆಂಗಸು, ಕೈಯಲ್ಲಿ ಬಟ್ಟೆ ಚೀಲ. ಚೀಲದಿಂದ ನನ್ನ ಅಂಕಣದ ಕತ್ತರಿಸಿದ ತುಂಡು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು.

"ಬರೆದೋರು ನೀವೇನಾ?"

"ಹೌದಮ್ಮಾ," ಅಂದೆ. ಅಭಿಮಾನಿ ಇರಬೇಕು ಅಂತ ಹಲ್ಲು ಬೇರೆ ಕಿರಿದೆ.

"ದೊಡ್ಡತಲೆಯಮ್ಮ ಯಾರು ಗೊತ್ತಾ?"

"ಯಾರು?"

"ನಾನೇ."

ನಾಚಿಕೆಬಿಟ್ಟ ನನ್ನ ಕಣ್ಣು ತಾನಾಗಿಯೇ ಅವರ ತಲೆಯ ಕಡೆ ಹೋಯಿತು. ಸಾಧಾರಣ ತಲೆ. ನೋಡಿದರೆ ಸಣ್ಣದೇ ಅನ್ನಬೇಕು.

"ನೋಡಿ, ನೋಡಿ, ಚೆನ್ನಾಗಿ ನೋಡ್ಕೊಳ್ಳಿ," ಅಂದರು. "ಅಳತೆ ಟೇಪ್ ಬೇಕಿದ್ರೆ ತನ್ನಿ."

ನಾನು ಪೆಚ್ಚಾಗಿ ಕುರ್ಚಿ ತೋರಿಸಿದೆ. ಅವರು ಕೂತರು. ಬೈಯಲು ಬಂದವರ ಹಾಗೆ ಕೂತಿದ್ದರು, ಆದರೆ ಬೈಯಲಿಲ್ಲ. ನೀರು ಕೇಳಿದರು. ಕುಡಿದು ಲೋಟ ಕೆಳಗಿಟ್ಟು ಹೇಳಿದ್ದಿಷ್ಟು:

"ನಲವತ್ತೊಂದು ವರ್ಷದ ಹಿಂದಿನ ಮಾತು. ನಮ್ಮ ಮದುವೆ ಆಗಿ ಒಂದು ವರ್ಷ ಆಗಿತ್ತು. ನಮ್ಮನೆಯವರಿಗೆ ಆ ಮೂರು ಕಲ್ಲಿನ ಕೆಲಸ ಸಿಕ್ತು. ದೀಪ ಹಿಡಿಯೋಕೆ ಯಾರಾದ್ರೂ ಬೇಕಲ್ಲ, ನನ್ನನ್ನೇ ನಿಲ್ಲಿಸಿದ್ರು. ಆರು ತಿಂಗಳು! ಕೈ ಬಿದ್ದು ಹೋಗ್ತಿತ್ತು. ಶೆಡ್‌ನಲ್ಲಿ ಹಲಗೆ ಮೇಲೆ ನಾನು, ಅವರು ಕೆಳಗೊಂದು ಗುಂಡಿ ತೋಡ್ಕೊಂಡು ಅದರೊಳಗೆ. ಗುಂಡಿಯಿಂದ ನೋಡೋದು, ಮೇಲೆ ಬಂದು ಎರಡು ಏಟು ಹೊಡೆಯೋದು, ಮತ್ತೆ ಇಳಿಯೋದು. ಯಾಕ್ರೀ ಗುಂಡಿ ಅಂದ್ರೆ, ನಿನಗ್ಯಾಕೆ ಅನ್ನೋರು. ಕಲ್ಲಿಗೆ ಯಾವಾಗ್ಲೂ ಗೋಣಿಚೀಲ ಮುಚ್ಚಿರ್ತಿದ್ರು. ಮೇಲೆ ಹೋದ ಮೇಲೆ ನೋಡು, ಅಲ್ಲೀವರೆಗೂ ಬೇಡ ಅಂತ."

"ಆಮೇಲೆ ನೋಡಿದ್ರಾ?"

"ಕೆಳಗಿಂದ ನೋಡಿದ್ದೆ. ಅಷ್ಟು ದೂರದಿಂದ." ಅಂಕಣದ ತುಂಡನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. "ನಿಮ್ಮದನ್ನ ಓದಿದ ಮೇಲೆ ಮೊನ್ನೆ ಮೇಲೆ ಹೋದೆ. ನನಗೆ ಅಲ್ಲಿ ಯಾವ ಕೆಲಸಾನೂ ಇರ್ಲಿಲ್ಲ. ಸುಮ್ನೆ ಟೋಕನ್ ತಗೊಂಡು ಕ್ಯೂನಲ್ಲಿ ನಿಂತೆ. ನೋಡ್ದೆ. ನೀವು ಬರೆದಿರೋದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಆರು ತಿಂಗಳು ಕಣ್ಣು ಮಿಟುಕಿಸದೆ ನೋಡಿದ್ರಲ್ಲ ಆ ಮನುಷ್ಯ ನನ್ನನ್ನ. ಅವರ ಕಣ್ಣಿಗೆ ನಾನು ಹಾಗೆ ಕಂಡ್ನಾ? ಕೇಳೋಣ ಅಂದ್ರೆ, ಈಗ ಅವರಿಗೆ ಕಣ್ಣಿಲ್ಲ. ಏಳು ವರ್ಷ ಆಯ್ತು ಪೂರ್ತಿ ಹೋಗಿ. ಕಣ್ಣಿಲ್ಲದೋರ ಮುಂದೆ ಕೂತು 'ಆಗ ನನ್ನನ್ನ ಹೇಗೆ ನೋಡಿದ್ರಿ' ಅಂತ ಕೇಳೋಕಾಗುತ್ತಾ? ನೀವೇ ಹೇಳಿ."

ನಾನು ಎದ್ದು ಹೋಗಿ ಇನ್ನೊಂದು ಲೋಟ ನೀರು ತಂದು ಅವರ ಮುಂದಿಟ್ಟೆ.

ಅವರಿಗೆ ಮಷೀನಿನ ವಿಷಯ ಆಗಲೇ ಗೊತ್ತಿತ್ತು. ಕಚೇರಿಯಿಂದ ಮನೆಗೆ ಕಾಗದ ಬಂದಿತ್ತು, "ತಮ್ಮ ಮಾಹಿತಿಗಾಗಿ" ಅಂತ. ಗಂಡನಿಗೆ ಓದಿ ಹೇಳಿರಲಿಲ್ಲ. ದಿನಾ ಬೆಳಗ್ಗೆ ಪೇಪರು ಓದಿ ಹೇಳುವುದೂ ಈಕೆಯೇ. ನನ್ನ ಅಂಕಣವನ್ನೂ ಹಾರಿಸಿಬಿಟ್ಟಿದ್ದರು.

"ಆ ಕಲ್ಲು ಹೇಗಾದ್ರೂ ಇರ್ಲಿ," ಅಂದರು ಏಳುತ್ತಾ. "ಕೆಟ್ಟದಾಗೇ ಇರ್ಲಿ. ಅವರು ಮಾಡಿದ್ದು. ಅದರ ಮುಖಕ್ಕೆ ಇನ್ನೊಬ್ಬರು ಮಷೀನು ಹಿಡಿಯೋದು ನನಗೆ ನೋಡೋಕಾಗಲ್ಲ. ನೀವು ಬರೆದು ಕೆಡಿಸಿದ್ರಿ. ಬರೆದೇ ಸರಿ ಮಾಡಿ."

5

ಸಂಪಾದಕರಿಗೆ ಫೋನ್ ಮಾಡಿ "ಒಂದು ಸ್ಪಷ್ಟನೆ ಹಾಕಬೇಕು" ಅಂದೆ.

"ಸ್ಪಷ್ಟನೆ ಯಾರು ಓದ್ತಾರಪ್ಪಾ? ಕಥೆ ಕೊಡು. ಗುರುವಾರ ಮೂರನೇ ಪುಟದಲ್ಲಿ ಜಾಗ ಇದೆ."

ಹೀಗಾಗಿ ಇದು ಕಥೆ. ನಿಜವಾಗಿ ಕ್ಷಮಾಪಣೆ ಪತ್ರ, ಕಥೆಯ ಅಂಗಿ ತೊಟ್ಟುಕೊಂಡಿದೆ. ಆದರೆ ಬರೆಯುವುದೇನು? ಕೆತ್ತನೆ ಕೆಟ್ಟದಾಗಿದೆ ಆದರೂ ಬಿಡಿ, ಪಾಪ, ಅಂತಲಾ? ಪಾಪ ಅನ್ನುವ ಮಾತು ಮಷೀನಿಗಿಂತ ಕೆಟ್ಟದ್ದು. ಅಷ್ಟು ಬುದ್ಧಿ ನನಗೂ ಇದೆ.

ಮಂಗಳವಾರ ಅವರ ಮನೆಗೆ ಹೋದೆ. ಅಮ್ಮನ ಷರತ್ತು ಒಂದೇ: ಅಂಕಣದ ಬಗ್ಗೆಯಾಗಲಿ ಮೀಟಿಂಗಿನ ಬಗ್ಗೆಯಾಗಲಿ ಬಾಯಿ ಬಿಡಕೂಡದು. ಕಲ್ಲು ಕೆಲಸದ ಬಗ್ಗೆ ತಿಳಿದುಕೊಳ್ಳಲು ಬಂದ ಬರಹಗಾರ ಅಂತ ಪರಿಚಯ ಮಾಡಿಸಿ, ಅವರು ಟೀ ಇಡಲು ಒಳಗೆ ಹೋದರು.

6

ಅಮ್ಮನ ಯಜಮಾನರು ಮಂಚದ ಅಂಚಿನಲ್ಲಿ ಕೂತಿದ್ದರು. ನೆಟ್ಟಗಿನ ಬೆನ್ನು, ಒರಟು ದೊಡ್ಡ ಕೈಗಳು.

"ಶಿಲ್ಪಿಗಳೇ, ನಮಸ್ಕಾರ," ಅಂದೆ.

"ಶಿಲ್ಪಿ ಅಂತೆಲ್ಲ ಬರೀಬೇಡಿ," ಅಂದರು. "ಕಲ್ಲು ಕೆಲಸದವನು ನಾನು."

(ಬರೆಯುವುದಿಲ್ಲ ಯಜಮಾನ್ರೇ. ನೋಡಿ, ಆ ಒಂದು ನಮಸ್ಕಾರ ಬಿಟ್ಟರೆ ಎಲ್ಲೂ ಬರೆದಿಲ್ಲ.)

"ಆ ದೀಪದ ಹೆಂಗಸನ್ನ ಹೇಗೆ ಮಾಡಿದ್ರಿ ಯಜಮಾನ್ರೇ?"

"ಮೊದಲು ಒಂದು ವಾರ ಏನೂ ಮಾಡ್ಲಿಲ್ಲ. ಆ ಕಚೇರಿ ಮೆಟ್ಟಿಲ ಪಕ್ಕದಲ್ಲಿ ಕೂತ್ಕೊಂಡು ಬರೋರನ್ನ ನೋಡ್ದೆ. ಮಗು ಹುಟ್ಟಿದ್ದು ಬರೆಸೋಕೆ ಬರೋರು, ಮನೆಯವರು ಹೋದದ್ದು ಬರೆಸೋಕೆ ಬರೋರು, ಎಲ್ಲರೂ ಒಂದೇ ಜಾಗದಲ್ಲಿ ನಿಲ್ತಿದ್ರು. ಕೆಳಗಿಂದ ಮೂರನೇ ಮೆಟ್ಟಿಲು. ಅಲ್ಲಿ ನಿಂತು ಕಾಗದ ಇದೆಯಾ ಅಂತ ಒಂದ್ಸಲ ಜೇಬು, ಚೀಲ ಮುಟ್ಟಿ ನೋಡ್ಕೊಳ್ಳೋರು. ಆಮೇಲೆ ತಲೆ ಎತ್ತೋರು. ಹಾಗಾಗಿ ಮೂರನೇ ಮೆಟ್ಟಿಲಿಗೆ ಮಾಡ್ದೆ."

"ಮೆಟ್ಟಿಲಿಗೆ ಮಾಡೋದು ಅಂದ್ರೆ?"

ಅವರು ಎದ್ದು ನನ್ನ ಭುಜ ಹಿಡಿದುಕೊಂಡರು. "ಬನ್ನಿ. ಹೇಳಿದ್ರೆ ನಿಮಗೆ ಗೊತ್ತಾಗಲ್ಲ."

ಹಿತ್ತಲಿನ ಶೆಡ್‌ಗೆ ಅವರನ್ನು ನಾನು ಕರೆದುಕೊಂಡು ಹೋದೆ. ಅಲ್ಲ, ದಾರಿ ಅವರಿಗೇ ಗೊತ್ತಿತ್ತು, ನಾನು ಹಿಂದೆ ಹೋದೆ. ಗೋಡೆಗೆ ಉಳಿ, ಸುತ್ತಿಗೆಗಳನ್ನು ಸಾಲಾಗಿ ನೇತು ಹಾಕಿದ್ದರು. ನೆಲದ ನಡುವೆ ಎದೆಯುದ್ದದ ಒಂದು ಗುಂಡಿ. ಒಳಗೆ ಒಡೆದ ಕುಂಡ, ಹಳೇ ಬಕೆಟ್ಟು.

"ಇಳೀರಿ."

ಬಕೆಟ್ಟು ಸರಿಸಿ ಇಳಿದೆ. (ಹೌದು, ಹೊಸ ಪ್ಯಾಂಟು.) ಅವರು ಕಾಲಿನಿಂದ ಅಂಚು ತಡವಿಕೊಂಡು, ಗುಂಡಿಯ ಪಕ್ಕದಲ್ಲಿದ್ದ ಎತ್ತರದ ಹಲಗೆಯ ಮೇಲೆ ಹತ್ತಿ ನಿಂತರು. ಬೀಳುತ್ತಾರೇನೋ ಅಂತ ನಾನು ಎರಡೂ ಕೈ ಚಾಚಿದೆ. ಅವರಿಗೇನೂ ಆಗಿರಲಿಲ್ಲ.

"ನನ್ನ ನೋಡಿ. ಏನು ದೊಡ್ಡದಾಗಿ ಕಾಣುತ್ತೆ?"

"ಕಾಲು," ಅಂದೆ. "ಮಂಡಿ."

"ತಲೆ?"

ಕತ್ತೆತ್ತಿ ನೋಡಿದೆ. ಅಷ್ಟೆತ್ತರದಲ್ಲಿ ಅವರ ತಲೆ ಮುಷ್ಟಿಯಷ್ಟು ಕಾಣುತ್ತಿತ್ತು. ಹಣೆ ಕಾಣಿಸುತ್ತಲೇ ಇರಲಿಲ್ಲ. ಗಲ್ಲ, ಮೂಗಿನ ಹೊಳ್ಳೆ, ಅಷ್ಟೇ.

"ಚಿಕ್ಕದು," ಅಂದೆ.

"ಹುಟ್ಟಿಸಿದ ದೇವರು ಸರಿಯಾಗೇ ಮಾಡಿದಾನೆ ನನ್ನ ತಲೇನ. ಆದ್ರೂ ಕೆಳಗಿಂದ ಹಿಂಗೆ ಕಾಣುತ್ತೆ. ಹಂಗಿದ್ಮೇಲೆ ಅಷ್ಟೆತ್ತರದಲ್ಲಿ ಕೂರಿಸೋ ಕಲ್ಲನ್ನ ಹೇಗೆ ಮಾಡ್ಬೇಕು?"

ನಾನು ಇನ್ನೂ ಕತ್ತೆತ್ತಿಯೇ ನಿಂತಿದ್ದೆ.

"ತಲೆ ದೊಡ್ಡದು ಮಾಡ್ಬೇಕು," ಅಂದರು ಅವರೇ. "ಮೇಲೆ ಹೋದಂಗೆ ಎಲ್ಲಾನೂ ದೊಡ್ಡದು ಮಾಡ್ಬೇಕು. ಹಣೆ ಮುಂದೆ ತರಬೇಕು, ಇಲ್ಲಾಂದ್ರೆ ಕಾಣಲ್ಲ. ಕತ್ತು ಬಗ್ಗಿಸ್ಬೇಕು. ಆಗ ಮೂರನೇ ಮೆಟ್ಟಿಲಲ್ಲಿ ನಿಂತೋರಿಗೆ ಅವಳು ಸರಿಯಾಗಿ ಕಾಣ್ತಾಳೆ, ಅವಳೂ ಅವರನ್ನೇ ನೋಡ್ತಾಳೆ. ಹೆಣ ಮಣ್ಣು ಮಾಡಿ ಬಂದಿರ್ತಾರೆ ಕೆಲವರು, ಒಬ್ರಾದ್ರೂ ಕಣ್ಣಲ್ಲಿ ಕಣ್ಣಿಟ್ಟು ನೋಡೋದು ಬೇಡ್ವಾ ಅವರನ್ನ? ಅದಕ್ಕೇ ಈ ಗುಂಡಿ. ಅಷ್ಟು ಭಾರದ ಕಲ್ಲನ್ನ ದಿನಾ ಎತ್ತರಕ್ಕೆ ಏರಿಸಿ ನೋಡೋಕಾಗುತ್ತಾ? ನಾನೇ ಕೆಳಗಿಳಿದೆ."

ಎದುರಿಗಿದ್ದವರನ್ನು ಕಣ್ಣೆತ್ತಿಯೂ ನೋಡದ ದೊಡ್ಡತಲೆಯಮ್ಮ. ನನ್ನ ಆ ಸಾಲು ನೆನಪಾಯಿತು, ನಾನೇ ಎರಡು ಸಲ ನಕ್ಕ ಸಾಲು. ಗುಂಡಿಯಲ್ಲಿದ್ದೆನಲ್ಲ, ಅಲ್ಲೇ ಮಣ್ಣು ಮುಚ್ಚಿಬಿಡಲಿ ಅನ್ನಿಸಿತು.

"ಎದುರೆದುರು ನಿಂತು ನೋಡಿದ್ರೆ?" ಅಂತ ಮೆಲ್ಲಗೆ ಕೇಳಿದೆ.

ಅವರು ಜೋರಾಗಿ ನಕ್ಕರು. "ಎದುರೆದುರು ಯಾರು ನಿಲ್ತಾರೆ? ಹಾರ್ಕೊಂಡು ಹೋಗ್ತಾರಾ? ಆ ಎತ್ತರದಿಂದ ನೋಡಿದ್ರೆ ಹೆದರ್ಕೊಂಡು ಬೀಳ್ತಾರೆ!"

ಸ್ಕೈವಾಕಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅದೂ ಪೇಪರಿನಲ್ಲಿ, ಅಮ್ಮ ಓದದೆ ಹಾರಿಸಿದ ನನ್ನ ಅಂಕಣದಲ್ಲೇ, ಬಂದಿತ್ತು.

7

(ಇದನ್ನು ಚಿಕ್ಕದಾಗಿ ಮುಗಿಸಬೇಕೆಂದಿದ್ದೆ, ಆಗುತ್ತಿಲ್ಲ. ಮೂರೂವರೆ ಗಂಟೆ.)

ಗುಂಡಿಯಿಂದ ಮೇಲೆ ಬರಲು ಅವರೇ ಕೈ ಕೊಟ್ಟರು. ಒಂದೇ ಎಳೆತಕ್ಕೆ ಮೇಲಿದ್ದೆ. ಹಲಗೆಯ ಮೇಲೆ ಕೂತು, ದನಿ ತಗ್ಗಿಸಿ ಒಂದು ಮಾತು ಹೇಳಿದರು.

"ಕಲ್ಲು ಕೂರಿಸಿದ ದಿನ ಇವಳನ್ನ ಕರ್ಕೊಂಡು ಹೋಗಿ ಮೂರನೇ ಮೆಟ್ಟಿಲಲ್ಲಿ ನಿಲ್ಲಿಸಿದೆ. ತಲೆ ಎತ್ತು ಅಂದೆ. ಎತ್ತಿದ್ಲು. ನಾನು ಅವಳ ಮುಖಾನೇ ನೋಡ್ತಾ ಇದ್ದೆ. ಏನಂದ್ಲು ಗೊತ್ತಾ?"

"ಏನಂದ್ರು?"

"ಊಟಕ್ಕೆ ಹೊತ್ತಾಯ್ತು, ನಡೀರಿ ಅಂದ್ಲು. ಅಷ್ಟೇ. ನಲವತ್ತೊಂದು ವರ್ಷ ಆಯ್ತು. ಚೆನ್ನಾಗಿತ್ತಾ, ಇಲ್ವಾ, ಇವತ್ತಿಗೂ ಗೊತ್ತಿಲ್ಲ ನನಗೆ."

"ಕೇಳ್ಬಹುದಿತ್ತಲ್ಲ?"

"ಹಿಡಿಸದೇ ಇದ್ರೆ?" ಅಂದರು.

ಅಷ್ಟರಲ್ಲಿ ಅಮ್ಮ ಟೀ ತಂದರು. ನನ್ನ ಪ್ಯಾಂಟಿನ ಮಣ್ಣು ನೋಡಿ, "ಏನೂಂದ್ರೆ, ಅವರನ್ನೂ ಗುಂಡಿಗೆ ಇಳಿಸಿದ್ರಾ?" ಅಂದರು. ಅಮ್ಮ ಟೀ ಕೊಟ್ಟು ಒಳಗೆ ಹೋದ ಮೇಲೆ ಯಜಮಾನರು ನನ್ನ ಕಿವಿಯ ಹತ್ತಿರ ಬಂದರು. "ಇವಳು ಈ ನಡುವೆ ಪೇಪರ್ ಓದುವಾಗ ಏನೋ ಬಿಡ್ತಾಳೆ. ಪುಟ ತಿರುಗಿಸೋ ಸದ್ದು ಗೊತ್ತಾಗುತ್ತೆ ನನಗೆ. ಮೂರನೇ ಪುಟ ಬೇಗ ಮುಗಿಯುತ್ತೆ. ಏನಿರುತ್ತೆ ಅದರಲ್ಲಿ?"

"ಅದರಲ್ಲಿ ಏನೂ ಇರಲ್ಲ ಯಜಮಾನ್ರೇ," ಅಂದೆ. "ಯಾರ್ಯಾರೋ ಏನೇನೋ ಬರೀತಾರೆ."

ನನ್ನ ಬಗ್ಗೆ ನಾನು ಇದುವರೆಗೆ ಹೇಳಿದ ಮಾತುಗಳಲ್ಲಿ ಅದು ಅತ್ಯಂತ ನಿಜವಾದದ್ದು.

8

ಅಲ್ಲಿಂದ ಸೀದಾ ಕಚೇರಿಗೆ ಓಡಿದೆ. ಅಲ್ಲಿಯ ಮುಖ್ಯಾಧಿಕಾರಿಯನ್ನು ಖಳನಾಯಕನನ್ನಾಗಿ ಮಾಡಿದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಆ ಮನುಷ್ಯ ನನಗೆ ಕುರ್ಚಿ ಕೊಟ್ಟು, ಫ್ಯಾನು ಹಾಕಿ, ಪೂರ್ತಿ ಕೇಳಿಸಿಕೊಂಡರು.

"ನನಗೂ ಕಣ್ಣಿದೆ ಸಾರ್," ಅಂದರು. "ಆದ್ರೆ ಹನ್ನೊಂದು ವರ್ಷದಿಂದ ಇಲ್ಲಿದೀನಿ, ಆ ಮುಂದಿನ ಮೆಟ್ಟಿಲಿಂದ ಒಂದ್ಸಲಾನೂ ಬಂದಿಲ್ಲ. ಮೊದಲು ಹಿಂದಿನ ಗೇಟು. ಈಗ ಲಿಫ್ಟು."

"ಬನ್ನಿ ಸಾರ್, ಎರಡು ನಿಮಿಷ. ಮೂರನೇ ಮೆಟ್ಟಿಲಲ್ಲಿ ನಿಂತು ನೋಡಿಬಿಡಿ."

ಅವರು ಗೋಡೆಯ ಗಡಿಯಾರ ನೋಡಿದರು, ಹೊರಗಿನ ಕ್ಯೂ ನೋಡಿದರು. "ನಾನೊಬ್ಬ ನೋಡಿದ್ರೆ ಏನಾಗುತ್ತೆ? ಸೈನು ಹಾಕೋರು ಐದು ಜನ. ನಿಮ್ಮ ಲೇಖನ ಓದಿ ನಕ್ಕಿದ್ದು ಊರಿಗೆ ಊರೇ. ಅವರೆಲ್ಲ ದಿನಾ ಮೇಲಿಂದ ನೋಡ್ತಾರೆ. ಅವರಿಗೆ ಏನು ಹೇಳ್ಲಿ, ಕೆಳಗೆ ಹೋಗಿ ಅಂತಲಾ?"

"ಹೌದು ಸಾರ್. ಅದನ್ನೇ ಹೇಳಿ."

"ನೀವು ಬರೆದು ಹೇಳಿ," ಅಂದರು, ಮೃದುವಾಗಿಯೇ. "ನಿಮ್ಮ ಮಾತು ಜನ ಕೇಳ್ತಾರೆ, ನೋಡಿದ್ವಲ್ಲ."

9

ಇವತ್ತು ಬೆಳಗ್ಗೆ ಅಮ್ಮನನ್ನು ಕಚೇರಿಯ ಮುಂದೆ ಬರಹೇಳಿದ್ದೆ. ಗುಂಡಿ, ಮೂರನೇ ಮೆಟ್ಟಿಲು, ಮುಷ್ಟಿಯಷ್ಟು ತಲೆ, ಎಲ್ಲ ಹೇಳಿದೆ, ಊಟದ ಮಾತೊಂದನ್ನು ಬಿಟ್ಟು. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಚೀಲ ಬೀಸಿ ಪಾರಿವಾಳಗಳನ್ನು ಓಡಿಸಿ ಒಂದು, ಎರಡು, ಮೂರು ಅಂತ ಎಣಿಸಿ ಹತ್ತಿದರು. ನಿಂತರು. ತಲೆ ಎತ್ತಿದರು.

ನಾನೂ ಪಕ್ಕದಲ್ಲಿ ನಿಂತು ತಲೆ ಎತ್ತಿದೆ.

ದೊಡ್ಡತಲೆಯಮ್ಮ ಅಲ್ಲಿರಲಿಲ್ಲ. ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ದೀಪ ಹಿಡಿದು ಸ್ವಲ್ಪ ಮುಂದೆ ಬಗ್ಗಿ, ಕೆಳಗೆ ಬಂದವರು ಯಾರು ಅಂತ ನೋಡುತ್ತಿದ್ದಳು. ಅಗಲವಾದ ಹಣೆ, ಇನ್ನೇನು ಮಾತಾಡುತ್ತಾಳೆ ಅನ್ನುವ ತುಟಿ. ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ತಪ್ಪಿಸಿದೆ. ಅವಳ ಬಗ್ಗೆ ಅಷ್ಟು ಬರೆದವನು ಇನ್ನೇನು ತಾನೇ ಮಾಡಲಿ.

ಪಕ್ಕಕ್ಕೆ ತಿರುಗಿದರೆ ಅಮ್ಮನ ಗಲ್ಲ ನಡುಗುತ್ತಿತ್ತು. ಅದೇ ಗಲ್ಲ.

"ಆವತ್ತೂ ಹೀಗೇ ಆಯ್ತು," ಅಂದರು. "ಮಾತೇ ಬರ್ಲಿಲ್ಲ. ಇಷ್ಟು ಚೆನ್ನಾಗಿದೀನಾ ನಾನು ಅಂತ ಅನ್ನಿಸಿ ನಾಚಿಕೆ ಆಯ್ತು. ಅವರು ಬೇರೆ ನನ್ನ ಮುಖಾನೇ ನೋಡ್ತಿದ್ರು. ಬಾಯಿಗೆ ಏನು ಬಂತೋ ಅಂದುಬಿಟ್ಟೆ."

"ಏನಂದ್ರಿ?" ಅಂತ ಕೇಳಿದೆ, ಗೊತ್ತಿದ್ದರೂ.

"ನೆನಪಿಲ್ಲ," ಅಂದರು. ಸುಳ್ಳು.

"ಇವತ್ತು ಹೋಗಿ ಹೇಳಿಬಿಡಿ ಅಮ್ಮಾ."

"ಹೇಗೆ ಹೇಳ್ಲಿ? ಹೇಳ್ಬೇಕಾದ್ರೆ, ಮೇಲೆ ಹೋಗಿ ನೋಡಿ ಸಂಶಯಪಟ್ಟಿದ್ದೂ ಹೇಳ್ಬೇಕಲ್ಲ. ಓದದೇ ಹಾರಿಸಿದ್ದೂ ಹೇಳ್ಬೇಕಲ್ಲ. ಮಷೀನಿನ ವಿಷಯಾನೂ." ಕಣ್ಣೊರೆಸಿಕೊಂಡರು. "ನೀವು ನಾಳೆಗೆ ಬರೀರಿ, ಎಲ್ಲಾ ಬರೀರಿ. ಅವರಿಗೆ ಓದಿ ಹೇಳೋಳು ನಾನು ತಾನೇ? ಎಷ್ಟು ಓದ್ಬೇಕು ಎಷ್ಟು ಬಿಡ್ಬೇಕು ಅಂತ ನಾನು ನೋಡ್ಕೋತೀನಿ."

10

ಕೊನೆಗಳು. ಮೂರು ಇವೆ, ಆರಿಸಿಕೊಳ್ಳಿ.

ಅ) ಶುಕ್ರವಾರ ಬೆಳಗ್ಗೆ ಐದೂ ಜನ ಸದಸ್ಯರು ಈ ಕಥೆ ಓದಿಕೊಂಡು ಬಂದು ಮೂರನೇ ಮೆಟ್ಟಿಲಲ್ಲಿ ಸಾಲಾಗಿ ನಿಂತು ತಲೆ ಎತ್ತುತ್ತಾರೆ, ಫೈಲನ್ನು ಹರಿದು ಹಾಕುತ್ತಾರೆ. ("ಐದು ಜನ ಒಟ್ಟಿಗೆ ನಿಂತ್ರೆ ಅಂಚಲ್ಲಿರೋರಿಗೆ ಸರಿಯಾಗಿ ಕಾಣಲ್ಲ," ಅನ್ನುತ್ತಾರೆ ಕಥೆಯೊಳಗಿನ ಯಜಮಾನರು. "ಒಬ್ಬೊಬ್ಬರಾಗಿ ನಿಲ್ಲಿಸಿ." ಆಯಿತು, ಒಬ್ಬೊಬ್ಬರಾಗಿ.)

ಆ) ಮಷೀನು ಕಲ್ಲಿಗೆ ತಾಗಿದ ಗಳಿಗೆಯಲ್ಲೇ, ಮನೆಯಲ್ಲಿ ಮಂಚದ ಅಂಚಿನಲ್ಲಿ ಕೂತಿದ್ದ ಅವರ ಕೈಯಿಂದ ಲೋಟ ಜಾರಿ… ("ಏನಪ್ಪಾ, ನಮ್ಮನೆಯವರನ್ನ ಸಾಯಿಸೋಕೆ ನೀನ್ಯಾರು?" ಅಂತ ಕಥೆಯೊಳಗಿಂದಲೇ ಅಮ್ಮ ಬಾಯಿ ಹಾಕುತ್ತಾರೆ. ಇಷ್ಟು ಹೊತ್ತು "ನೀವು" ಅನ್ನುತ್ತಿದ್ದವರು "ನೀನು" ಅಂದಿದ್ದಾರೆ. ತೆಗೆದುಹಾಕಿದೆ ಅಮ್ಮಾ, ತಪ್ಪಾಯಿತು.)

ಇ) ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಸ್ಕೈವಾಕಿನಿಂದ ನೋಡಿದರೆ ಈಗ ಎಲ್ಲ ಅಳತೆಯಲ್ಲಿದೆ. ಯಾರೂ ನಗುವುದಿಲ್ಲ, ಯಾರೂ ನೋಡುವುದೂ ಇಲ್ಲ. ಕೆಳಗೆ, ಅಪ್ಪನನ್ನು ಮಣ್ಣು ಮಾಡಿ ಬಂದ ಯಾರೋ ಒಬ್ಬರು, ಲಿಫ್ಟ್ ಎಲ್ಲಿದೆ ಗೊತ್ತಿಲ್ಲದೆ ಮೆಟ್ಟಿಲು ಹತ್ತುತ್ತಾರೆ. ಮೂರನೆಯದರಲ್ಲಿ ನಿಂತು ಚೀಲ ಮುಟ್ಟಿ ನೋಡಿಕೊಂಡು ತಲೆ ಎತ್ತುತ್ತಾರೆ. ಮೇಲೆ ಹಣೆಯಿಲ್ಲದ, ಮುಷ್ಟಿಯಷ್ಟು ತಲೆಯ ಏನೋ ಒಂದು. (ಇದಕ್ಕೆ ಯಾರೂ ತಕರಾರು ತೆಗೆಯುತ್ತಿಲ್ಲ. ನನಗೆ ಹೆದರಿಕೆಯಾಗುತ್ತಿರುವುದು ಇದರದ್ದೇ.)

ಓದುಗರೇ, ಮೂರರಲ್ಲಿ ಯಾವುದನ್ನೂ ನಾನು ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿಲ್ಲ. ಶುಕ್ರವಾರ ಇನ್ನೂ ಬಂದಿಲ್ಲ, ಮೆಟ್ಟಿಲು ಅಲ್ಲೇ ಇದೆ, ನಿಮಗೂ ಕಾಲಿದೆ. ನಾಲ್ಕೂ ಐವತ್ತಾಯಿತು. ನಿಮ್ಮ ಜೊತೆ ನನ್ನ ಮಾತು ಮುಗಿಯಿತು. ಇನ್ನುಳಿದದ್ದು ಒಬ್ಬರಿಗೆ ಮಾತ್ರ.

11

ಅಮ್ಮಾ, ಈಗ ಗುರುವಾರ ಬೆಳಗ್ಗೆ. ನೀವು ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದೀರಿ, ಅವರು ಮಂಚದ ಅಂಚಿನಲ್ಲಿ. ಮೂರನೇ ಪುಟ. ಎಲ್ಲೆಲ್ಲಿ ಬಿಟ್ಟು ಓದಿದಿರೋ ನನಗೆ ಗೊತ್ತಿಲ್ಲ. 4 ಬಿಟ್ಟಿರಬಹುದು. 7ರಲ್ಲಿ ಅವರು ಹೇಳಿದ್ದು ನಿಮಗೆ ಹೊಸದು, ಅದು ನನಗೆ ಗೊತ್ತು. ಅದನ್ನು ಓದಿದಾಗ ದನಿ ನಿಂತಿದ್ದರೆ, ಅವರಿಗೆ ಅದೂ ಗೊತ್ತಾಗಿರುತ್ತದೆ.

ಸಂಪಾದಕರನ್ನು ಕಾಡಿ ಒಂದು ಕೆಲಸ ಮಾಡಿಸಿದ್ದೇನೆ. ಈ ಕಥೆ ಪುಟ ಮುಗಿಯುವ ಮೊದಲೇ ನಿಲ್ಲುತ್ತದೆ. ಕೆಳಗೆ ನಾಲ್ಕು ಬೆರಳು ಜಾಗ ಖಾಲಿ. ಓದಲು ಏನೂ ಇಲ್ಲ, ತಿರುಗಿಸಲು ಪುಟವೂ ಇಲ್ಲ.

ಯಜಮಾನರು ಈಗ "ಆಮೇಲೆ?" ಅನ್ನುತ್ತಾರೆ.

ನೀವೇ ಹೇಳಿ ಅಮ್ಮಾ. ತಿಂಡಿಗೆ ಹೊತ್ತಾಯ್ತು ಅಂತ ಮಾತ್ರ ಎದ್ದು ಹೋಗಬೇಡಿ.